ಮೂವತ್ತೊಂದನೆಯ ದಿನ

2019ರ ಜುಲೈ ಕೊನೆಗೆ ನಮ್ಮ ಕಾಕಾ ಹೊಲದ ಪಾಲಿನ ದಾವೆಯಲ್ಲಿ ಸೋತರು. ಗೆದ್ದವರು ಬೇರೆ ಯಾರೂ ಅಲ್ಲ, ಅವರ ಅಣ್ಣ, ನನ್ನ ದೊಡ್ಡಪ್ಪ. ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಳು. ದಿಗ್ಗೇವಾಡಿಯ ಕಡೆಯ ಹೊಳೆದಂಡೆಯವರಿಗೆ ಆ ತಿಂಗಳು ದನಕರು, ಕಾಳುಕಡಿ ಉಳಿಸಿಕೊಳ್ಳುವುದರಲ್ಲೇ ಹೋಯಿತು. ಮೇಲ್ಮನವಿ ಹಾಕಬೇಕೆಂದು ಕಾಕಾ ವಕೀಲರ ಬಳಿ ಹೋದದ್ದು ಡಿಸೆಂಬರಿನಲ್ಲಿ.

1963ರ ಕಾಲಮಿತಿ ಕಾಯ್ದೆಯ ಪ್ರಕಾರ ಸಿವಿಲ್ ಡಿಕ್ರಿಯ ವಿರುದ್ಧ ಹೈಕೋರ್ಟಿಗೆ ಹೋಗಲು 90 ದಿನ, ಉಳಿದ ಮೇಲಿನ ನ್ಯಾಯಾಲಯಗಳಿಗೆ 30 ದಿನ. ಕಾಕಾನದು 30 ದಿನದ್ದು. ತೀರ್ಪಿನ ನಕಲು ಪಡೆಯಲು ಹಿಡಿದ ಕಾಲವನ್ನು ಲೆಕ್ಕದಿಂದ ಬಿಡುತ್ತಾರೆ. ಅದರ ಮೇಲೂ ತಡವಾದರೆ 5ನೆಯ ಕಲಂ ಇದೆ: ಸಾಕಷ್ಟು ಕಾರಣ ತೋರಿಸಿದರೆ ನ್ಯಾಯಾಲಯ ವಿಳಂಬವನ್ನು ಮನ್ನಿಸಬಹುದು. ಕಾರಣವನ್ನು ಪ್ರಮಾಣ ಮಾಡಿ ಬರೆದುಕೊಡಬೇಕು.

ಅದರ ಕರಡು ಬರೆದವನು ನಾನು. ಎಲ್ಲವನ್ನೂ ಹೊಳೆಯ ಮೇಲೆ ಹಾಕಿದೆ. ಓದಿ ಹೇಳಿದಾಗ ಕಾಕಾ ತಲೆ ಅಲ್ಲಾಡಿಸಿದರು. “ನೀರು ಇಳದು ಎಷ್ಟ ದಿನಾತು? ಹೊಳಿ ಮ್ಯಾಲೆ ಸುಳ್ಳ ಹೇಳಬ್ಯಾಡ ತಮ್ಮಾ. ಅಣ್ಣ ಬಂದು ಮಾತಾಡ್ತಾನಂತ ಹಾದಿ ನೋಡಿದೆ. ಅದನ್ನ ಬರಿ.”

ಬರೆದೆವು. ನ್ಯಾಯಾಲಯ ಒಪ್ಪಲಿಲ್ಲ.

ಬಹಳ ದಿನ ನನಗೆ ಕಾನೂನಿನ ಮೇಲೆ ಸಿಟ್ಟಿತ್ತು. ಪ್ರವಾಹಕ್ಕೆ ಬೆಲೆಯಿದೆ, ಅಣ್ಣನ ಮೇಲಿನ ಭರವಸೆಗೆ ಇಲ್ಲವೇ? 1987ರಲ್ಲಿ ಕಾತಿಜಿ ಪ್ರಕರಣದಲ್ಲಿ ಸರ್ಕಾರದ ನಾಲ್ಕು ದಿನದ ವಿಳಂಬವನ್ನು ಮನ್ನಿಸುತ್ತ ಸುಪ್ರೀಂ ಕೋರ್ಟೇ ಉದಾರವಾಗಿ ನೋಡಬೇಕೆಂದಿತ್ತು. ಆದರೆ ಅದೇ ಕೋರ್ಟು 2012ರಲ್ಲಿ ಅಂಚೆ ಇಲಾಖೆಯ 427 ದಿನಗಳ ವಿಳಂಬವನ್ನು ಮನ್ನಿಸಲಿಲ್ಲ. ಉದಾರತೆಗೂ ಒಂದು ದಂಡೆ ಬೇಕು.

ಆ ದಂಡೆಯ ಆಚೆ ನಿಂತವರು ದೊಡ್ಡಪ್ಪ. ಗಡುವು ಮುಗಿಯಿತೆಂದು ನಂಬಿ ಅವರು ಸಾಲ ಮಾಡಿ ಆ ಹೊಲಕ್ಕೆ ಪೈಪು ಹಾಕಿಸಿ ಕಬ್ಬು ನಾಟಿ ಮಾಡಿಸಿದ್ದರು. ಇನ್ನು ಯಾರೂ ಕೇಳಲಾರರು ಎಂದು ನಿದ್ದೆ ಮಾಡುವ ಹಕ್ಕು ಅವರಿಗೂ ಇತ್ತು. ಕಾಕಾ ಹಾದಿ ನೋಡುತ್ತಿದ್ದದ್ದು ಅವರಿಗೆ ಗೊತ್ತೇ ಇರಲಿಲ್ಲ. ಮನಸ್ಸಿನೊಳಗೆ ಕಾಯುವುದನ್ನು ಎದುರಿನವನ ಲೆಕ್ಕಕ್ಕೆ ಬರೆಯುವುದು ನ್ಯಾಯವೇ?

ಮುಂದೆ ಕೋವಿಡ್ ಬಂತು. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಲೆಕ್ಕದಿಂದ ಬಿಟ್ಟಿತು. ನಾನು ಜ್ವರದಲ್ಲಿದ್ದೆ ಎಂದು ಯಾರೂ ಸಾಬೀತು ಮಾಡಬೇಕಿರಲಿಲ್ಲ. ಎಲ್ಲರ ಕಷ್ಟಕ್ಕೆ ಎಲ್ಲರೂ ಸಾಕ್ಷಿ. ಒಬ್ಬನೇ ಕಷ್ಟಪಟ್ಟಾಗ ಎಷ್ಟೋ ಸಲ ಅವನ ಮಾತಲ್ಲದೆ ಬೇರೆ ಸಾಕ್ಷಿ ಇರುವುದಿಲ್ಲ. ಆ ಮಾತನ್ನು ನಂಬಬೇಕಾದರೆ ಮೊದಲು ಬಂದವರು ಅದನ್ನು ಕೆಡಿಸಿರಬಾರದು.

ನನ್ನ ಕರಡು ಕೆಡಿಸುತ್ತಿದ್ದದ್ದು ಅದನ್ನೇ. ನಿಜವಾಗಿ ಹೊಳೆಯಲ್ಲಿ ಮನೆ ಕಳೆದುಕೊಂಡ ಒಬ್ಬಾಕೆ ನಮ್ಮ ನಂತರ ಅದೇ ಕಟಕಟೆಗೆ ಬಂದಿದ್ದರೆ, ನ್ಯಾಯಾಧೀಶರು ಆಕೆಯ ಮಾತನ್ನೂ ಅನುಮಾನದಿಂದ ಕೇಳುತ್ತಿದ್ದರು. ಕಾಕಾ ಹೊಲ ಕಳೆದುಕೊಂಡರು. ಆಕೆಯ ಕಾರಣವನ್ನು ಕದಿಯಲಿಲ್ಲ.

ಆ ಮೊದಲ ಕರಡು ಇನ್ನೂ ನನ್ನ ಬಳಿ ಇದೆ. ತಡವಾಗಿ ಬಂದವರು ಕಾರಣ ಹೇಳುವಾಗ ನನಗೆ ನಗು ಬಂದರೆ ಅದನ್ನು ತೆಗೆದು ಓದುತ್ತೇನೆ.