ಅಪ್ಪಣೆ ಬೇಡದ ಹಬ್ಬ

ಆಷಾಢದಲ್ಲಿ ಶುಭಕಾರ್ಯ ಮಾಡಬಾರದು ಎಂಬುದು ನಮ್ಮ ಕಡೆಯ ಹಳೆಯ ನಂಬಿಕೆ. ಆ ತಿಂಗಳ ಕೊನೆಯ ಅಮಾವಾಸ್ಯೆ, ನಮ್ಮ ಬಾಯಲ್ಲಿ ಆಸಾಡಿ ಅಮಾಸಿ, ಹಿರಿಯರಿಗೆ ತರ್ಪಣ ಕೊಡುವ ದಿನ. 2019ರಿಂದ ಅದೇ ದಿನವನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರದ ಜನ ವಿಶ್ವ ಕುಂದಾಪ್ರ ಕನ್ನಡ ದಿನವಾಗಿ ಆಚರಿಸುತ್ತಿದ್ದಾರೆ. ಸಂಯಮದ ದಿನದ ಮೇಲೆ ಸಂಭ್ರಮವೊಂದನ್ನು ಕೂರಿಸಬಹುದೆ? ಅದಕ್ಕೆ ಅಪ್ಪಣೆ ಕೊಡಬೇಕಾದವರು ಯಾರು?

ಈ ಪ್ರಶ್ನೆ ನಮ್ಮದಷ್ಟೇ ಅಲ್ಲ. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ದಿನ ಯಹೂದಿ ಪಂಚಾಂಗದ ಓಮೆರ್ ಎಂಬ ಅವಧಿಯೊಳಗೆ ಬಿತ್ತು. ಧರ್ಮನಿಷ್ಠರು ಆ ವಾರಗಳನ್ನು ಶೋಕದ ಕಾಲವೆಂದು ಪಾಲಿಸುತ್ತಾರೆ. ಮದುವೆ ಮಾಡುವುದಿಲ್ಲ, ಕೂದಲು ಕತ್ತರಿಸುವುದಿಲ್ಲ. ಹಾಗಾಗಿ ಸ್ವಾತಂತ್ರ್ಯ ದಿನದ ವಿಷಯದಲ್ಲಿ ಅವರಲ್ಲೇ ಬೇರೆ ಬೇರೆ ದಾರಿಗಳಾದವು. ಕೆಲವರು ಅಂದು ಹಲ್ಲೇಲ್ ಎಂಬ ಸ್ತುತಿಗೀತೆಗಳನ್ನು ಅದರ ಮೊದಲಿನ ಪ್ರಾರ್ಥನಾ ವಾಕ್ಯದ ಸಮೇತ ಹೇಳುತ್ತಾರೆ. ಕೆಲವರು ಆ ವಾಕ್ಯವನ್ನು ಬಿಟ್ಟು ಗೀತೆಗಳನ್ನಷ್ಟೇ ಹೇಳುತ್ತಾರೆ. ರಬ್ಬಿ ಓವಾಡಿಯ ಯೋಸೆಫ್ ಹೇಳಿದ್ದೂ ಇದನ್ನೇ. ಇನ್ನು ಕೆಲವರಿಗೆ ಅದು ಮಾಮೂಲಿ ದಿನ. ಕೆಲವೇ ಜನರಿಗೆ ದುಃಖದ ದಿನ.

ನನಗೆ ಮುಖ್ಯವಾಗಿ ಕಾಣುವುದು ಎರಡನೆಯ ದಾರಿ. ಆ ವಾಕ್ಯದಲ್ಲಿ, ಈ ಸ್ತುತಿಯನ್ನು ದೇವರೇ ವಿಧಿಸಿದ್ದಾನೆ ಎಂಬ ಮಾತಿದೆ. ಅದನ್ನು ಬಿಟ್ಟವನು ತನಗೆ ಸಂತೋಷವಾಗಿದೆ ಎನ್ನುತ್ತಾನೆ. ಸಂತೋಷಪಡುವುದು ದೇವರ ಆಜ್ಞೆ ಎನ್ನುವುದಿಲ್ಲ.

ನಮ್ಮ ಅಮಾಸಿಗೆ ಸಂಭ್ರಮವೇನೂ ಹೊಸದಲ್ಲ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ ಇರುವ ಮರವಂತೆಯಲ್ಲಿ ವರಾಹ ದೇವಸ್ಥಾನದ ಜಾತ್ರೆ ನಡೆಯುವುದು ಇದೇ ಅಮಾವಾಸ್ಯೆಗೆ. ಜನ ಸಮುದ್ರಸ್ನಾನ ಮಾಡುತ್ತಾರೆ, ಹೊಸದಾಗಿ ಮದುವೆಯಾದವರು ಬರುತ್ತಾರೆ. ಭಾಷೆಯ ದಿನಕ್ಕೂ ಇದನ್ನೇ ಆಧಾರವಾಗಿ ಹಿಡಿಯುವ ಆಸೆಯಾಗುತ್ತದೆ. ಹಿಡಿಯಬಾರದು ಎಂಬುದು ನನ್ನ ಅನಿಸಿಕೆ. ಹಬ್ಬವು ದೇವರ ಆಜ್ಞೆಯಾದ ಕೂಡಲೇ ಆಚರಿಸದವನು ತಪ್ಪಿತಸ್ಥನಾಗುತ್ತಾನೆ. ಮನೆಯಲ್ಲಿ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡಿ, ಪೇಟೆಗೆ ಬಂದರೆ 'ಹ್ವಾಯ್' ಎಂದು ಕರೆಯುವ ಕ್ರೈಸ್ತರಿಗೆ, ಮುಸ್ಲಿಮರಿಗೆ ಈ ಅಮಾವಾಸ್ಯೆಯ ಆಚರಣೆ ಇಲ್ಲ. ಭಾಷೆ ಮಾತ್ರ ಅವರದೂ ಹೌದು. ಅಂದು ತರ್ಪಣ ಕೊಟ್ಟು ಮನೆಯಲ್ಲೇ ಸುಮ್ಮನೆ ಕೂತವರ ಭಾಷೆಯೂ ಅದೇ.

ಆಡುವ ಭಾಷೆಯನ್ನು ಪ್ರೀತಿಸಲು ಪಂಚಾಂಗದ ಅಪ್ಪಣೆ ಬೇಕಿಲ್ಲ. ಆದರೆ ಅಪ್ಪಣೆಯಿಲ್ಲದೆ ಹಬ್ಬ ಮಾಡುವವರಿಗೆ ಒಂದು ಕರ್ತವ್ಯವಿದೆ: ಬಾರದವರ ಮೇಲೆ ಮುನಿಸಿಕೊಳ್ಳದಿರುವುದು. ಅಂದು ಬಾರದವನೂ ಮರುದಿನ ಕುಂದಾಪ್ರ ಕನ್ನಡದಲ್ಲೇ ಮೀನಿಗೆ ಚೌಕಾಸಿ ಮಾಡುತ್ತಾನೆ.