ಎಳೆಯರ ಕಾವಲುದೂತರು

ಸೆಪ್ಟೆಂಬರ್ 29ರಂದು ಮಿಖಾಯೇಲ, ಗಬ್ರಿಯೇಲ, ರಫಾಯೇಲರ ಹಬ್ಬ. ಮೂರು ದಿನ ಕಳೆದು ಅಕ್ಟೋಬರ್ 2ರಂದು ಕಾವಲುದೂತರ ಹಬ್ಬ. ಮೊದಲಿನವರಿಗೆ ಹೆಸರಿದೆ, ಎರಡನೆಯವರಿಗೆ ಇಲ್ಲ. ನಾವೇ ಹೆಸರಿಟ್ಟುಕೊಳ್ಳುವುದೂ ಸರಿಯಲ್ಲವೆಂದು ಧರ್ಮಸಭೆ ತಿಳಿಸಿದೆ.

ದೂತರಲ್ಲಿ ಎಷ್ಟು ಬಗೆ? ನಮಗಿಂತ ಬೇಗ ಉತ್ತರ ಕೊಡುವ ಹುಡುಗರು ಈಗ ಇದ್ದಾರೆ. ಅಮೆರಿಕದಲ್ಲಿ 1974ರಲ್ಲಿ ಹೊರಬಂದ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಆಟದಲ್ಲಿ ಆಡುವವರು ಒಂದೊಂದು ಪಾತ್ರ ವಹಿಸಿ ಕಾಲ್ಪನಿಕ ಲೋಕವೊಂದರಲ್ಲಿ ಸಂಚರಿಸುತ್ತಾರೆ. ಅಲ್ಲಿನ ಸ್ವರ್ಗದ ದೂತರಲ್ಲಿ ದೇವ, ಪ್ಲಾನೆಟಾರ್, ಸೋಲಾರ್ ಎಂದು ಮೆಟ್ಟಿಲುಗಳಿವೆ. ('ದೇವ' ಎಂಬ ಮಾತು ನಮ್ಮ ಕಡೆಯಿಂದಲೇ ಅಲ್ಲಿಗೆ ಹೋದದ್ದು.) ಮೆಟ್ಟಿಲು ಏರಿದಷ್ಟೂ ಬಲ ಹೆಚ್ಚು.

ಇದನ್ನು ಕಂಡು ಹಿರಿಯರು ಗಾಬರಿಯಾಗಬೇಕಿಲ್ಲ. ಮೆಟ್ಟಿಲು ನಮ್ಮಲ್ಲೂ ಉಂಟು. ಸುಮಾರು 500ನೇ ಇಸವಿಯ ಹೊತ್ತಿಗೆ ದಿಯೊನೀಸಿಯುಸ್ ಎಂಬ ಹೆಸರಿನಲ್ಲಿ ಬರೆದವರೊಬ್ಬರು ಸೆರಾಫಿಯರಿಂದ ಹಿಡಿದು ಸಾಮಾನ್ಯ ದೂತರವರೆಗೆ ಒಂಬತ್ತು ವೃಂದಗಳನ್ನು ಎಣಿಸಿದರು. ಸಂತ ತೋಮಸ್ ಅಕ್ವಿನಾಸರು ಅದನ್ನು ಒಪ್ಪಿ, ಒಬ್ಬೊಬ್ಬ ಮನುಷ್ಯನನ್ನು ಕಾಯುವ ಕೆಲಸ ಕಟ್ಟಕಡೆಯ ವೃಂದದ್ದು ಎಂದರು. ಅಂದರೆ ನಮ್ಮ ಪಕ್ಕದಲ್ಲಿ ನಿಂತಿರುವವರು ಕೊನೆಯ ಸಾಲಿನವರು. ಆದರೆ ಪ್ರಭು ಯೇಸು ಹೇಳಿದ್ದನ್ನು ನೋಡಿ (ಮತ್ತಾಯ 18:10). ಈ ಎಳೆಯರಲ್ಲಿ ಒಬ್ಬರನ್ನೂ ಕಡೆಗಣಿಸಬೇಡಿ, ಇವರ ದೂತರು ಸದಾ ನನ್ನ ತಂದೆಯ ಮುಖವನ್ನು ಕಾಣುತ್ತಿದ್ದಾರೆ ಎಂದು ಅವರು ಎಚ್ಚರಿಸುತ್ತಾರೆ. ಅರಮನೆಯಲ್ಲಿ ರಾಜನ ಮುಖ ಕಾಣುವವರು ದೊಡ್ಡವರು. ಇಲ್ಲಿ ಆ ಜಾಗ ಕೂಸುಗಳ ಕಾವಲುಗಾರರಿಗೆ ಸಿಕ್ಕಿದೆ.

ಈ ವಾಕ್ಯವನ್ನು ಹರೂರಿನಲ್ಲಿ ಕುಳಿತು ಓದುವುದು ಸುಲಭವಲ್ಲ. ಹೆಣ್ಣು ಹುಟ್ಟಿತೆಂದು ಕಳ್ಳಿಹಾಲು ಕುಡಿಸಿ ಕೊಂದ ಮನೆಗಳಿದ್ದ ಸೀಮೆ ಇದು. ಅದನ್ನು ತಡೆಯಲೆಂದೇ ತಮಿಳುನಾಡು ಸರ್ಕಾರ 1992ರಲ್ಲಿ ಸೇಲಂ ಜಿಲ್ಲೆಯಲ್ಲಿ ತೊಟ್ಟಿಲು ಮಗು ಯೋಜನೆ ತಂದಿತು. ಬೇಡವಾದ ಕೂಸನ್ನು ಕೊಲ್ಲಬೇಡಿ, ಇಲ್ಲಿ ಬಿಟ್ಟುಹೋಗಿ ಎಂದು ತೊಟ್ಟಿಲು ಇಟ್ಟರು. 2001ರಲ್ಲಿ ಅದು ನಮ್ಮ ಧರ್ಮಪುರಿ ಜಿಲ್ಲೆಗೂ ಬಂತು. ಹುಟ್ಟಿದ ಗಳಿಗೆಯಿಂದ ಪ್ರತಿಯೊಬ್ಬರಿಗೂ ಒಬ್ಬ ದೂತನಿದ್ದಾನೆಂದು ಸಂತ ಜೆರೋಮರ ಕಾಲದಿಂದ ನಂಬಿದ್ದೇವೆ. ಹಾಗಾದರೆ ತೊಟ್ಟಿಲು ಸೇರದ ಆ ಹೆಣ್ಣುಕೂಸಿನ ದೂತ ಏನು ಮಾಡುತ್ತಿದ್ದ?

ದೇವರು ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಿದ್ದಾರೆ ಎಂಬ ಉತ್ತರ ತಪ್ಪಲ್ಲ. ಆದರೆ ಸತ್ತ ಮಗುವಿನ ಎದುರು ಅಷ್ಟೇ ಹೇಳಿ ಎದ್ದುಹೋಗಲು ನಮಗೆ ಬಾಯಿ ಬರುವುದಿಲ್ಲ. ಆಟದ ಲೋಕದಲ್ಲಿ ದೂತ ಬಂದರೆ ಕತ್ತಿ ಬೀಸಿ ಗೆಲ್ಲಿಸಬೇಕು. ಸೈತಾನನೂ ಅಂಥ ದೂತರನ್ನೇ ತೋರಿಸಿದ್ದ: ದೇವಾಲಯದ ತುದಿಯಿಂದ ಧುಮುಕು, ಅವರು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಎಂದ. ಯೇಸು ಒಪ್ಪಲಿಲ್ಲ. ಗೆತ್ಸೆಮನಿಯಲ್ಲಿ ದೂತನೊಬ್ಬ ಬಂದನೆಂದು ಲೂಕ ಬರೆಯುತ್ತಾರೆ (22:43). ಬಂದವನು ಪಾತ್ರೆಯನ್ನು ತೆಗೆದುಕೊಂಡು ಹೋಗಲಿಲ್ಲ, ಬಲ ತುಂಬಿದ ಅಷ್ಟೆ.

ನಮ್ಮ ಸುತ್ತಲಿನ ತಮಿಳು ಕ್ರೈಸ್ತರಲ್ಲಿ ಹಳಬರು ದೂತರನ್ನು 'ಸಮ್ಮನಸು' ಎನ್ನುತ್ತಾರೆ. ಕೇಳಿದರೆ ನಮಗೂ ಅರ್ಥವಾಗುತ್ತದೆ, ಒಳ್ಳೆಯ ಮನಸ್ಸು ಎಂದು. 'ದೂತ' ಎಂಬುದು ಕೆಲಸದ ಹೆಸರು, ಇದು ಗುಣದ ಹೆಸರು. ನಮಗೆ ಇದೇ ಹೆಚ್ಚು ಇಷ್ಟ. ದೂತನು ಮನುಷ್ಯನ ಇಚ್ಛೆಯನ್ನು ಬಲವಂತದಿಂದ ತಿರುಗಿಸಲಾರ, ಒಪ್ಪಿಸಲು ನೋಡಬಲ್ಲ ಎಂದು ಅಕ್ವಿನಾಸರು ಹೇಳುತ್ತಾರೆ. ಒಳ್ಳೆಯ ಮನಸ್ಸು ಇನ್ನೊಂದು ಮನಸ್ಸನ್ನು ತಟ್ಟುತ್ತದೆ. ಬಟ್ಟಲು ಹಿಡಿದ ಅಜ್ಜಿಯನ್ನು, ಬಾಣಂತಿಯನ್ನು, ಹೊರಗೆ ಕಾದುನಿಂತ ಅಪ್ಪನನ್ನು, ಎಲ್ಲ ಗೊತ್ತಿದ್ದೂ ಸುಮ್ಮನಿದ್ದ ನೆರೆಮನೆಯವರನ್ನು ಆ ದೂತ ತಟ್ಟಿರಬೇಕು. ಕೆಲವರು ಎದ್ದು ಕೂಸನ್ನು ಎತ್ತಿಕೊಂಡು ತೊಟ್ಟಿಲ ಕಡೆ ನಡೆದರು. ಕೆಲವರು ಏಳಲಿಲ್ಲ. ದೂತನ ಕಾವಲು ಅಲ್ಲಿ ಸೋತಿತೆಂದು ನಾವು ಹೇಳಲಾರೆವು. ಕಾವಲಿನ ಅರ್ಧ ನಮ್ಮ ಕೈಯಲ್ಲಿತ್ತು.

ಸತ್ತ ಕೂಸುಗಳಲ್ಲಿ ಹೆಸರಿಡುವ ಮೊದಲೇ ಹೋದವರೇ ಹೆಚ್ಚು. ಅವರ ದೂತರಿಗೂ ನಾವು ಹೆಸರಿಡುವಂತಿಲ್ಲ. ಈ ಅಕ್ಟೋಬರ್ 2ರ ಬಲಿಪೂಜೆಯಲ್ಲಿ ಅವರನ್ನೂ ನೆನೆಯೋಣ. ಕಳ್ಳಿಹಾಲು ಹಳೆಯ ಮಾತಾಯಿತು ಎನ್ನುವವರಿದ್ದಾರೆ. ಆದರೆ ಹೆರಿಗೆ ವಾರ್ಡಿನ ಬಾಗಿಲಲ್ಲಿ "ಇದೂ ಹೆಣ್ಣಾ?" ಎಂಬ ದನಿ ಈಗಲೂ ಕೇಳಿಸುತ್ತದೆ, ಹಾಗೆ ಕೇಳುವವರಲ್ಲಿ ಕೈಯಲ್ಲಿ ಜಪಸರ ಹಿಡಿದವರೂ ಇರುತ್ತಾರೆ.