ತೂತಿನ ನಾಣ್ಯ

ಅಜ್ಜಿಯ ಪೆಟ್ಟಿಗೆಯಲ್ಲಿ ಬ್ರಿಟಿಷರ ಕೊನೆಗಾಲದ ಒಂದು ತೂತಿನ ಕಾಸಿತ್ತು. ಚಲಾವಣೆ ನಿಂತ ಮೇಲೆ ಅಂಥವನ್ನು ಕೂಸುಗಳ ಉಡಿದಾರಕ್ಕೆ ಪೋಣಿಸುತ್ತಿದ್ದರಂತೆ. ಪಪುವಾ ನ್ಯೂಗಿನಿ ತಾನು ಸ್ವತಂತ್ರವಾದ 1975ರಲ್ಲೇ ಹೊರತಂದ 1 ಕಿನಾ ನಾಣ್ಯದ ಚಿತ್ರ ಕಂಡಾಗ ಆ ಕಾಸು ನೆನಪಾಯಿತು. ಅದರ ನಡುವೆಯೂ ತೂತು. ಕಿನಾ ಎಂದರೆ ಮುತ್ತಿನ ಚಿಪ್ಪು. ಬೆಟ್ಟನಾಡಿನ ಜನ ಅದನ್ನು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು, ಮದುವೆಯಲ್ಲಿ ಹೆಣ್ಣಿನ ಕಡೆಯವರಿಗೆ ತೆರವಾಗಿ ಕೊಡುತ್ತಿದ್ದರು, ಕಾದಾಟ ಮುಗಿದ ಮೇಲೆ ಪರಿಹಾರವಾಗಿ ತೆರುತ್ತಿದ್ದರು. ಚಿಪ್ಪು ಕೈ ಬದಲಾದಷ್ಟೂ ನಂಟು ಬೆಳೆಯುತ್ತಿತ್ತು. ಹೊಸ ಸರ್ಕಾರ ತನ್ನ ಹಣಕ್ಕೆ ಆ ಹೆಸರನ್ನೇ ಇಟ್ಟಿತು.

ಎಂಟುನೂರಕ್ಕೂ ಹೆಚ್ಚು ನುಡಿಗಳ ನಾಡು ಅದು. ರಾಜಧಾನಿ ಪೋರ್ಟ್ ಮೊರೆಸ್ಬಿಯಿಂದ ಬೆಟ್ಟನಾಡಿಗೆ ಇಂದಿಗೂ ಹೆದ್ದಾರಿಯಿಲ್ಲ; ವಿಮಾನ ಹತ್ತಬೇಕು. ಅಷ್ಟು ಚದುರಿದ ಜನರನ್ನು ಕೂಡಿಸಿದ ಸಂವಿಧಾನ, ನೆಲದ ಸಂಪತ್ತು ಎಲ್ಲರ ಒಳಿತಿಗೆ ಬಳಕೆಯಾಗಬೇಕು, ಮುಂದಿನ ಪೀಳಿಗೆಗೂ ಉಳಿಯಬೇಕು ಎಂದು ತನ್ನ ಐದು ಗುರಿಗಳಲ್ಲಿ ಒಂದಾಗಿ ಬರೆದುಕೊಂಡಿತು. ದೇಶದ ಭೂಮಿಯಲ್ಲಿ ಶೇ 97ರಷ್ಟು ಇಂದಿಗೂ ಕುಲಗಳ ಕೈಯಲ್ಲಿದೆ, ಪತ್ರದಿಂದಲ್ಲ, ವಾಡಿಕೆಯಿಂದ. ಆದರೆ ಮಣ್ಣಿನಡಿಯ ತಾಮ್ರ, ಚಿನ್ನ, ಅನಿಲ ಸರ್ಕಾರದ್ದು ಎನ್ನುತ್ತದೆ ಕಾನೂನು. ಗೆಣಸು ಬೆಳೆಯುವ ಒಂದು ಮೊಳ ಮಣ್ಣು ಒಬ್ಬರದು, ಅದರ ಕೆಳಗಿನದು ಇನ್ನೊಬ್ಬರದು. ನೆಲವನ್ನು ಹೀಗೆ ಅಡ್ಡಡ್ಡ ಸೀಳಬಹುದೆಂದು ಅಲ್ಲಿನ ಯಾವ ಅಜ್ಜಿಯೂ ಮೊಮ್ಮಗಳಿಗೆ ಹೇಳಿಕೊಟ್ಟಿರಲಿಲ್ಲ.

ಆ ದೇಶದ್ದೇ ಆದ ಬೂಗನ್‌ವಿಲ್ ದ್ವೀಪದ ಬಹುಪಾಲು ಕಡೆ ಭೂಮಿ ಇಳಿದುಬರುವುದು ತಾಯಿಯ ಕಡೆಯಿಂದ. 1969ರಲ್ಲಿ, ಇನ್ನೂ ಆಸ್ಟ್ರೇಲಿಯದ ಆಳ್ವಿಕೆಯಿದ್ದಾಗ, ತಾಮ್ರ ಸಾಗಿಸುವ ಬಂದರಿಗೆಂದು ಸರ್ವೆಯವರು ಗೂಟ ನೆಟ್ಟರು. ಅಲ್ಲಿನ ರೊರೊವಾನಾ ಹಳ್ಳಿಯ ಹೆಂಗಸರು ಅದನ್ನು ಕಿತ್ತೆಸೆದರು. ಪೊಲೀಸರ ಲಾಠಿ, ಅಶ್ರುವಾಯು ಎದುರಿಸಿದರು. ಆದರೂ ದ್ವೀಪದ ಪಾಂಗುನಾ ತಾಮ್ರದ ಗಣಿ 1972ರಲ್ಲಿ ಶುರುವಾಯಿತು. ಹೊಸ ದೇಶದ ಬೊಕ್ಕಸ ತುಂಬಿದ್ದರಲ್ಲಿ ಅದರ ಪಾಲು ದೊಡ್ಡದು. ನೂರು ಕೋಟಿ ಟನ್ನಿಗೂ ಮೀರಿದ ಕಸಮಣ್ಣು ಹೊಳೆಗೆ ಹೋಯಿತು. ಜಾಬಾ ಕಣಿವೆಯ ತೋಟಗಳು ಅದರಡಿ ಹೂತವು. 1989ರಲ್ಲಿ ಜನ ಗಣಿಯನ್ನು ಮುಚ್ಚಿಸಿದರು. ಮುಂದಿನ ಸುಮಾರು ಹತ್ತು ವರ್ಷ ಯುದ್ಧ. ಸತ್ತವರು ಸಾವಿರ ಸಾವಿರ. ಬೆಟ್ಟವಿದ್ದಲ್ಲಿ ಉಳಿದದ್ದು ಒಂದು ಕುಳಿ.

ಪಪುವಾ ನ್ಯೂಗಿನಿಯ ಆಡುಮಾತು ಟೋಕ್ ಪಿಸಿನ್‌ನಲ್ಲಿ ‘ವಾಂಟೋಕ್’ ಎಂಬ ಪದವಿದೆ. ಒಂದೇ ಮಾತಿನವರು ಎಂದರ್ಥ. ಕೆಲಸ ಕಳೆದುಕೊಂಡವನಿಗೆ ಪಟ್ಟಣದಲ್ಲಿ ಚಾಪೆ ಹಾಸಿಕೊಡುವವನು ವಾಂಟೋಕ್. ಪಿಂಚಣಿಯಿಲ್ಲದ ಮುಪ್ಪಿಗೆ ಗಂಜಿ ಹಾಕುವುದೂ ಅದೇ ನಂಟು. ಆ ನಂಟಸ್ತಿಕೆ ಕುರ್ಚಿ ಏರಿದರೆ ಗುತ್ತಿಗೆ ತನ್ನವರಿಗೆ, ಹುದ್ದೆ ತನ್ನವರಿಗೆ. ಸಂಸತ್ತಿನಲ್ಲಿ ಸದಸ್ಯರು ಪಕ್ಷ ಬದಲಿಸುತ್ತಾರೆ, ಅವಿಶ್ವಾಸ ನಿರ್ಣಯದ ಗುಸುಗುಸು ಶುರುವಾಗುತ್ತದೆ. ನಗುವ ಮೊದಲು ನಾವು ನಮ್ಮ ಕಡೆಯ ವರ್ಗಾವಣೆ ಪಟ್ಟಿಗಳನ್ನೊಮ್ಮೆ ನೆನೆಯುವುದು ಒಳ್ಳೆಯದು. ಎಲ್ಲರ ಮನೆ ದೋಸೆಯೂ ತೂತೇ.

2014ರಲ್ಲಿ ಬೆಟ್ಟನಾಡಿನ ಅನಿಲ ದ್ರವವಾಗಿ ಹಡಗೇರಿ ಹೊರದೇಶಕ್ಕೆ ಹೊರಟಿತು. ಅನಿಲ ಹೊಮ್ಮುವ ಹೇಲಾ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಕತ್ತಲಾದರೆ ಒಲೆಯ ಬೆಳಕೇ ಹೆಚ್ಚು. ಆದರೂ ಹೆಚ್ಚಿನ ಜನ ಉಪವಾಸ ಬೀಳದೆ ಉಳಿದಿದ್ದಾರೆ. ಉಳಿಸಿದ್ದು ಕುಲದ ನೆಲ, ಅದರಲ್ಲಿ ಹೆಂಗಸರು ನೆಟ್ಟ ಗೆಣಸು, ಕೆಸುವು, ಬಾಳೆ. ಹಣದ ಲೆಕ್ಕ ಬರೆಯುವವರ ಪುಸ್ತಕದಲ್ಲಿ ಆ ತೋಟಗಳಿಗೆ ಸಿಕ್ಕುವ ಜಾಗ ತೀರಾ ಕಿರಿದು.

2019ರ ಜನಮತದಲ್ಲಿ ಬೂಗನ್‌ವಿಲ್‌ನಲ್ಲಿ ಮತ ಹಾಕಿದವರಲ್ಲಿ ಶೇ 97.7ರಷ್ಟು ಜನ ಪ್ರತ್ಯೇಕ ದೇಶ ಬೇಕೆಂದರು. ದೇಶ ನಡೆಸಲು ಹಣ ಬೇಕು. ಈಗ ಅಲ್ಲಿನ ಸ್ವಾಯತ್ತ ಸರ್ಕಾರ ಪಾಂಗುನಾದ ಗಣಿಯನ್ನೇ ಮತ್ತೆ ತೆರೆಯುವ ಮಾತಾಡುತ್ತಿದೆ. ಯಾವ ಕುಳಿಗಾಗಿ ನೆತ್ತರು ಹರಿಯಿತೋ ಬಿಡುಗಡೆಯ ಖರ್ಚಿಗೂ ಅದೇ ಕುಳಿ. ಇದನ್ನು ತಪ್ಪೆನ್ನಲು ದೂರದಲ್ಲಿ ಕೂತ ನನಗೆ ಬಾಯಿಲ್ಲ.

ನಾಣ್ಯದ ತೂತನ್ನು ಮತ್ತೆ ನೋಡುತ್ತೇನೆ. ಅದನ್ನು ಕೊರೆದವರಿಗೆ ದಾರ ಎಲ್ಲಿ ಹಾಯುತ್ತದೆಂದು ಗೊತ್ತಿತ್ತು. ಪಾಂಗುನಾವನ್ನು ಕೊರೆದವರು ದಾರದ ಯೋಚನೆ ಮಾಡಿರಲಿಲ್ಲ. ಈ ಸಲ ಮಾಡುವವರು ಆ ಮಣ್ಣಿನ ಹೆಣ್ಣುಮಕ್ಕಳೇ ಆಗಲಿ. ಗೂಟ ಎಲ್ಲಿ ನೆಡಬೇಕು, ಎಲ್ಲಿ ಕೀಳಬೇಕು ಎಂಬುದು ಅವರಿಗೆ ಮೊದಲೇ ತಿಳಿದಿತ್ತು.